ಇಪ್ಪತ್ನಾಲ್ಕು ಗುಂಟೆಯ ಗಡಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಆವಲಪ್ಪ ತಲೆಯ ಮೇಲೆ ಹಸಿ ಮಣ್ಣಿನ ಹೆಂಟೆ ಹೊತ್ತು ಆಂಜಿನಮ್ಮನ ಜಮೀನಿನ ಗಡಿ ನಡೆದರು. ಅವರಿಗೆ ಅರವತ್ತೆಂಟು ವರ್ಷ. ಮೇಲೂರು ರಸ್ತೆಯ ಅಂಚಿನಿಂದ ಹಿಂದಿನ ಕಾಲುವೆಯವರೆಗೆ ನೂರಿಪ್ಪತ್ತು ಮೀಟರ್. ತೈಲ ಕಂಪನಿಯ ಇಬ್ಬರು ಸರ್ವೆಯವರು, ಕಂದಾಯ ಇಲಾಖೆಯ ಒಬ್ಬರು ಮತ್ತು ಊರಿನ ಮೂವತ್ತಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಆಂಜಿನಮ್ಮನ ಮಗಳು ಸಂಘಮಿತ್ರ ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದಳು.

ಹದಿನೈದು ವರ್ಷಗಳ ಹಿಂದೆಯೂ ಆವಲಪ್ಪ ಹೀಗೆಯೇ ಮಣ್ಣು ಹೊತ್ತಿದ್ದರು. ಆಗ ನಡೆದದ್ದು ಇಲ್ಲಿಂದ ಇಪ್ಪತ್ತು ಮೀಟರ್ ಪಶ್ಚಿಮಕ್ಕೆ.

ಆ ಊರಿನಲ್ಲಿ ಗಡಿಯ ಜಗಳ ಬಂದರೆ, ತನ್ನದು ಎನ್ನುವವನು ಆ ಹೊಲದ್ದೇ ಮಣ್ಣನ್ನು ನೆನೆಸಿ, ತಲೆಯ ಮೇಲಿಟ್ಟುಕೊಂಡು ಗಡಿ ನಡೆಯಬೇಕು. ಸುಳ್ಳು ಗಡಿ ನಡೆದವನ ಮನೆ ಏಳಿಗೆಯಾಗುವುದಿಲ್ಲ ಎಂದು ಜನ ನಂಬುತ್ತಾರೆ. ಆದ್ದರಿಂದ ಮಣ್ಣು ಹೊತ್ತವನ ಮಾತಿಗೆ ಮೇಲ್ಮನವಿ ಇಲ್ಲ.

ಆಂಜಿನಮ್ಮನ ಗಂಡ ಚೆನ್ನರಾಯಪ್ಪನಿಗೆ ರಸ್ತೆಬದಿಯಲ್ಲಿ ಎರಡು ಎಕರೆ ಹತ್ತು ಗುಂಟೆ ಇತ್ತು. ಆವಲಪ್ಪನವರ ಒಂಬತ್ತು ಎಕರೆ ಅದರ ಹಿಂದೆ. ಅಲ್ಲಿಗೆ ಹೋಗಲು ಪೂರ್ವದ ಬದಿಯಲ್ಲಿ ಅವರದೇ ಆರಡಿಯ ಕಾಲುದಾರಿ. ೨೦೦೯ರ ಬೇಸಿಗೆಯಲ್ಲಿ ಒಂದು ದಿನ ಗಡಿಕಲ್ಲು ಇಪ್ಪತ್ತು ಮೀಟರ್ ಪಶ್ಚಿಮಕ್ಕೆ, ಚೆನ್ನರಾಯಪ್ಪನ ಹೊಲದೊಳಗೆ ಬಂದು ಕೂತಿತ್ತು. ಕಾಲುದಾರಿ ರಸ್ತೆಯಾಯಿತು. ಇಪ್ಪತ್ನಾಲ್ಕು ಗುಂಟೆ, ಅದರಲ್ಲಿ ಚೆನ್ನರಾಯಪ್ಪ ನೆಟ್ಟಿದ್ದ ಏಳು ಮಾವಿನ ಗಿಡ, ಆವಲಪ್ಪನವರ ಕಡೆಗೆ ಹೋದವು.

ಹಿರಿಯರು ಶಾಲೆಯ ಮುಂದೆ ಸೇರಿ ಮಣ್ಣು ಹೊರಿಸೋಣ ಎಂದರು. ಮೊದಲು ಬಗ್ಗಿ ಹೆಂಟೆ ಎತ್ತಿಕೊಂಡವನು ಚೆನ್ನರಾಯಪ್ಪ. ಅವನ ಜಾತಿಯವರು ಹೊತ್ತ ಮಣ್ಣು ಲೆಕ್ಕಕ್ಕೆ ಬರುವುದಿಲ್ಲವೆಂದು ಒಬ್ಬರು ಅದನ್ನು ಕೆಳಗಿಡಿಸಿದರು. ಆವಲಪ್ಪ ಹೊತ್ತರು, ಹೊಸ ಕಲ್ಲಿನ ಗುಂಟ ನಡೆದರು, ಹೆಂಟೆಯನ್ನು ಚೆನ್ನರಾಯಪ್ಪನ ಕಾಲ ಹತ್ತಿರ ಹಾಕಿದರು.

“ಮಣ್ಣು ಹೊತ್ತಾಯ್ತು ಕಣಯ್ಯ. ಇನ್ನು ಬಾಯಿ ಮುಚ್ಕೊ.”

ಪಹಣಿಯಲ್ಲಿ ನೆಲದ ಆ ಪಟ್ಟಿ ಚೆನ್ನರಾಯಪ್ಪನ ಹೆಸರಿನಲ್ಲೇ ಉಳಿಯಿತು, ಅನುಭವ, ಅಂದರೆ ಸ್ವಾಧೀನ, ಆವಲಪ್ಪನವರದಾಯಿತು. ಚೆನ್ನರಾಯಪ್ಪ ಕೋರ್ಟಿಗೆ ಹೋಗಲಿಲ್ಲ. ೨೦೧೯ರಲ್ಲಿ ತೀರಿಕೊಂಡ. ಪ್ರತಿ ಬೇಸಿಗೆ ಏಳು ಮರದ ಕಾಯಿ ಟೆಂಪೊ ತುಂಬಿ ಚಿಂತಾಮಣಿಯ ಮಂಡಿಗೆ ಹೋಗುವುದನ್ನು ಆಂಜಿನಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ ನೋಡುತ್ತಿದ್ದಳು. ಅವಳು ಮಾವಿನ ಹಣ್ಣು ತಿನ್ನುವುದು ಬಿಟ್ಟು ಹದಿನೈದು ವರ್ಷವಾಗಿತ್ತು. ಮಗಳು ಕಾನೂನು ಓದಿ ಶಿಡ್ಲಘಟ್ಟದಲ್ಲಿ ವಕೀಲಿ ಶುರುಮಾಡಿದ ದಿನ ಆಂಜಿನಮ್ಮ ಕೇಳಿದ್ದು ಒಂದೇ, ಆ ಪಟ್ಟಿಗೆ ಏನಾದರೂ ದಾರಿ ಇದೆಯೇ ಎಂದು. ಹನ್ನೆರಡು ವರ್ಷ ದಾಟಿದೆ, ಅನುಭವ ತಮ್ಮದೆಂದು ಆವಲಪ್ಪನವರೇ ಹಕ್ಕು ಕೇಳಬಹುದು, ಕೆಣಕದಿರುವುದು ವಾಸಿ ಎಂದಳು ಸಂಘಮಿತ್ರ. ಆಂಜಿನಮ್ಮ ಆಮೇಲೆ ಆ ಮಾತು ಎತ್ತಲಿಲ್ಲ.

೨೦೨೪ರಲ್ಲಿ ಕೊಳವೆ ಬಂತು. ಆಂಧ್ರದ ಬಂದರಿನಿಂದ ಪಶ್ಚಿಮಕ್ಕೆ ಕಚ್ಚಾ ತೈಲ ಒಯ್ಯುವ ಖಾಸಗಿ ಕಂಪನಿಯದು. ೧೯೬೨ರ ಕಾಯ್ದೆಯ ಪ್ರಕಾರ ಕಂಪನಿ ಜಮೀನನ್ನು ಕೊಳ್ಳುವುದಿಲ್ಲ. ಹದಿನೆಂಟು ಮೀಟರ್ ಅಗಲಕ್ಕೆ ಬಳಕೆಯ ಹಕ್ಕು ಪಡೆಯುತ್ತದೆ. ಮಾರುಕಟ್ಟೆ ಬೆಲೆಯ ಶೇಕಡಾ ಹತ್ತು ಮತ್ತು ಬೆಳೆ ನಷ್ಟ ಕೊಡುತ್ತದೆ. ಮಾಲೀಕ ಉಳುಮೆ ಮಾಡಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ.

ಮೇಲೂರಿನ ಸಭೆಯಲ್ಲಿ ಕಂಪನಿಯ ಅಧಿಕಾರಿ ಲೆಕ್ಕ ತೋರಿಸಿದರು. ಟ್ಯಾಂಕರ್‌ನಲ್ಲಿ ಸಾಗಿಸುವ ಖರ್ಚಿನ ಸಣ್ಣ ಪಾಲಿನಲ್ಲೇ ಕೊಳವೆ ಸಾಗಿಸುತ್ತದೆ, ರಸ್ತೆಯಲ್ಲಿ ಅಪಘಾತ ತಪ್ಪುತ್ತದೆ, ದೇಶಕ್ಕೆ ಉಳಿತಾಯ. ಆ ಉಳಿತಾಯದಲ್ಲಿ ರೈತರ ಪಾಲೆಷ್ಟು, ಹೆದ್ದಾರಿಗೆ ಜಮೀನು ಕೊಟ್ಟವರಿಗೆ ಸಿಕ್ಕಿದ್ದು ನಮಗೇಕಿಲ್ಲ ಎಂದು ಜನ ಕೇಳಿದರು. ಅಧಿಕಾರಿ, ನೆಲ ನಿಮ್ಮದಾಗಿಯೇ ಇರುತ್ತದಲ್ಲ ಎಂದರು. ಹಿಂದಿನ ಸಾಲಿನಿಂದ ಕೋನಪ್ಪ ಎಂಬವರು ಎದ್ದರು.

“ಸಾರ್, ಮನೆ ಬೆಲೇಲಿ ಹತ್ತರಲ್ಲಿ ಒಂದು ಪಾಲು ಕೊಟ್ಟು ನಿಮ್ಮ ನಡುಮನೇಲಿ ನಾನು ಮಲಗ್ತೀನಿ. ಮನೆ ನಿಮ್ದೇ. ಏಳು ಅನ್ನಂಗಿಲ್ಲ ಅಷ್ಟೇ.”

ಸಭೆ ನಕ್ಕಿತು. ಆವಲಪ್ಪ ನಗಲಿಲ್ಲ. ಕೊಳವೆಯ ನಕ್ಷೆಯಲ್ಲಿ ಕೆಂಪು ಗೆರೆ ರಸ್ತೆ ದಾಟಿ, ಸರಿಯಾಗಿ ಆ ಪಟ್ಟಿಯೊಳಗೆ ಬಂದು, ಕಾಲುವೆಯ ಏರಿ ಹಿಡಿದು ಮುಂದೆ ಹೋಗುತ್ತಿತ್ತು. ಹಿಂದಿನ ಒಂಬತ್ತು ಎಕರೆಯಲ್ಲಿ ಬಡಾವಣೆ ಮಾಡಲು ಅವರ ಮಗ ಸುನೀಲ್‌ಕುಮಾರ್ ಅರ್ಜಿ ಸಿದ್ಧಮಾಡಿದ್ದ. ವಿಮಾನ ನಿಲ್ದಾಣದ ಕಡೆಯಿಂದ ಸೈಟು ಕೇಳುವವರು ಬರುತ್ತಿದ್ದರು. ಎಣ್ಣೆ ಕೊಳವೆ ತಮ್ಮ ಹೆಸರಿನ ಜಾಗದಲ್ಲಿ ದಾಖಲಾದರೆ ಸೈಟು ಕೊಳ್ಳುವವರು ಹಿಂದೆ ಸರಿಯುತ್ತಾರೆ ಎಂದು ಅವನು ಹೆದರಿದ.

ತಂದೆ ಮಗ ಸೇರಿ ಒಂದು ಉಪಾಯ ಕಂಡುಕೊಂಡರು. ಪಟ್ಟಿ ಆಂಜಿನಮ್ಮನದು ಎಂದು ಒಪ್ಪಿಬಿಟ್ಟರೆ ಕೊಳವೆ ಅವಳ ತಲೆಗೆ. ಅಲ್ಲಿ ಅವಳು ಏನೂ ಕಟ್ಟುವಂತಿಲ್ಲವಾದ್ದರಿಂದ ಜಾಗ ಎಂದೆಂದಿಗೂ ಬಯಲು. ತಾವು ಹದಿನೈದು ವರ್ಷದಿಂದ ಓಡಾಡಿದಂತೆ ಓಡಾಡಬಹುದು. ಅವರು ವಕೀಲರನ್ನು ಕೇಳಲಿಲ್ಲ. ಆಂಜಿನಮ್ಮ ಎಂದೂ ದಾರಿಗೆ ಅಡ್ಡ ನಿಂತವಳಲ್ಲ. ಕೇಳುವ ಅಗತ್ಯ ಕಾಣಲಿಲ್ಲ.

ಕಂಪನಿ ಮತ್ತು ಕಂದಾಯ ಇಲಾಖೆಯ ಜಂಟಿ ಅಳತೆಯ ದಿನ, ಆ ಮಂಗಳವಾರ, ಆವಲಪ್ಪ ತಾವಾಗಿ ಮುಂದೆ ಬಂದರು. ಅನುಭವದಾರರ ಕಾಲಂನಲ್ಲಿ ಆಂಜಿನಮ್ಮನ ಹೆಸರು ಬರೆಯಿರಿ, ಹಳೆಯ ಗಡಿಯೇ ಸರಿ ಎಂದರು. ಸರ್ವೆಯವರು ಕಾಗದ ಚಾಚಿದರು. ಆಂಜಿನಮ್ಮ ಪೆನ್ನು ಮುಟ್ಟಲಿಲ್ಲ.

“ಅವತ್ತು ಮಣ್ಣು ಹೊತ್ತು ನಿಮ್ದು ಅಂದ್ರಿ ಆವಲಪ್ನೋರೆ. ಇವತ್ತು ಬರೀ ಬಾಯಲ್ಲಿ ನಂದು ಅಂದ್ರೆ ನಾನೆಂಗೆ ನಂಬ್ಲಿ? ಮಣ್ಣು ಹೊತ್ತು ನಡೀರಿ. ಆಮೇಲೆ ಸೈನು ಹಾಕ್ತೀನಿ.”

ಸಂಘಮಿತ್ರ ಅಮ್ಮನ ಕಡೆ ತಿರುಗಿದಳು. ಇದನ್ನು ಅವಳು ಹೇಳಿಕೊಟ್ಟಿರಲಿಲ್ಲ.

ಆವಲಪ್ಪ ಇದು ಹಳೇ ಕಾಲದ ಮಾತು ಎಂದರು. ಕೋನಪ್ಪ, ಹದಿನೈದು ವರ್ಷಕ್ಕೆ ಕಾಲ ಹಳೇದಾಯಿತೇ ಎಂದು ಕೇಳಿದರು. ಸರ್ವೆಯವರು ಗಡಿಯಾರ ನೋಡಿಕೊಂಡರು. ತಕರಾರಿದ್ದರೆ ಹಾಗೆಂದೇ ಬರೆದುಕೊಂಡು ಹೋಗುತ್ತೇವೆ ಎಂದರು. ತಕರಾರು ಎಂದು ದಾಖಲಾದರೆ ಬಡಾವಣೆಯ ಕಡತ ಅಲ್ಲೇ ನಿಲ್ಲುತ್ತದೆ.

“ಅಪ್ಪ, ಐದು ನಿಮಿಷದ ಕೆಲ್ಸ, ಹೊತ್ಬಿಡು,” ಎಂದ ಸುನೀಲ್‌ಕುಮಾರ್ ತಗ್ಗಿದ ದನಿಯಲ್ಲಿ.

ಆಂಜಿನಮ್ಮನೇ ಕೊಡದಲ್ಲಿ ನೀರು ತಂದು ಮಣ್ಣು ನೆನೆಸಿದಳು. ಹೆಂಟೆಯನ್ನು ದೊಡ್ಡದಾಗಿಯೇ ಮಾಡಿದಳು. ಆವಲಪ್ಪ ನಡೆಯುವಾಗ ಕೆಸರು ಹಣೆಯಿಂದ ಇಳಿದು ಬಿಳಿ ಅಂಗಿಯ ಕಾಲರಿಗೆ ಹತ್ತಿತು. ಕಾಲುವೆಯ ಹತ್ತಿರ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಅವರು ತಿರುಗಿ ಬಂದ ಮೇಲೆ ಆಂಜಿನಮ್ಮ ಕಾಗದಕ್ಕೆ ಸಹಿ ಹಾಕಿದಳು.

“ದಾರಿಗೇನೂ ತೊಂದ್ರೆ ಇಲ್ಲ ಬಿಡಮ್ಮ. ಅಲ್ಲಿ ಯಾರೂ ಮನೆ ಕಟ್ಟಂಗಿಲ್ಲ,” ಎಂದರು ಆವಲಪ್ಪ, ತಾವೂ ಸಹಿ ಹಾಕುತ್ತ.

“ಕಟ್ಟಂಗಿಲ್ವಂತೆ,” ಎಂದಳು ಆಂಜಿನಮ್ಮ.

ಜನವರಿಯಲ್ಲಿ ಗುತ್ತಿಗೆದಾರರು ಬಂದರು. ಮೊದಲು ಕಡಿದದ್ದು ಏಳು ಮಾವಿನ ಮರಗಳನ್ನು. ಚಿಗುರಿ ಹೂ ಬಿಟ್ಟಿದ್ದವು. ನೋಡಬೇಡ, ಒಳಗೆ ಬಾ ಎಂದು ಮಗಳು ಕರೆದಳು. ಆಂಜಿನಮ್ಮ ಏಳನೆಯದು ಬೀಳುವವರೆಗೂ ಅಲ್ಲೇ ನಿಂತಿದ್ದು, ಸೌದೆಯನ್ನು ತನ್ನ ಮನೆಗೇ ಹೊರಿಸಿದಳು. ಮಾರ್ಚ್‌ನಲ್ಲಿ ಕೊಳವೆ ಮುಚ್ಚಿ ನೆಲ ಸಮ ಮಾಡಿ ಗುತ್ತಿಗೆದಾರರು ಮುಂದೆ ಹೋದರು. ಶೇಕಡಾ ಹತ್ತರ ಪರಿಹಾರ ಬಂತು.

ಆ ಹಣದಲ್ಲಿ ಆಂಜಿನಮ್ಮ ಕಲ್ಲುಕಂಬ ಮತ್ತು ಮುಳ್ಳುತಂತಿ ತರಿಸಿದಳು. ಸಂಘಮಿತ್ರ ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆದಳು; ಕೊಳವೆಯ ಕಾವಲಿನವರು ಬರಲು ಒಂದು ಗೇಟು, ಅದರ ಇನ್ನೊಂದು ಕೀಲಿ ಕಂಪನಿಗೆ. ಬೇಲಿಯ ಆಚೆ ಆವಲಪ್ಪನವರಿಗೆ ಉಳಿದದ್ದು ಆರಡಿ ಕಾಲುದಾರಿ.

ಆವಲಪ್ಪ ಒಬ್ಬರೇ ಬಂದರು. ಅವರು ಆ ಮನೆಯ ಬಾಗಿಲಿಗೆ ಬಂದದ್ದು ಅದೇ ಮೊದಲು. ಬಡಾವಣೆಯ ರಸ್ತೆಗೆ ಇಪ್ಪತ್ತೈದು ಅಡಿ ಬಿಟ್ಟುಕೊಡು, ಬೆಲೆ ನೀನೇ ಹೇಳು ಎಂದು ಆಂಜಿನಮ್ಮನನ್ನು ಕೇಳಿದರು. ಅವಳು ಮೊರದಲ್ಲಿ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. ಅವರು ಮಗಳ ಕಡೆ ತಿರುಗಿದರು.

“ಓದಿದೋಳು, ನೀನಾದ್ರೂ ಹೇಳಮ್ಮ.”

“ಎರಡು ಸಲ ಮಣ್ಣು ಹೊತ್ತಿದ್ದೀರಿ ಸಾರ್,” ಎಂದಳು ಸಂಘಮಿತ್ರ. “ಯಾವ ಸಲ ಹೊತ್ತಿದ್ದು ಸುಳ್ಳು ಅಂತ ಬರ್ಕೊಡಿ. ಆಮೇಲೆ ಮಾತಾಡಣ.”



“ಬರ್ಕೊಟ್ರೆ ದಾರಿ ಬಿಡ್ತೀರಾ?” ಎಂದರು ಆವಲಪ್ಪ.

“ಇಲ್ಲ,” ಎಂದಳು ಆಂಜಿನಮ್ಮ.

ಅವರು ಬರೆದುಕೊಡಲಿಲ್ಲ. ಜೂನ್ ಎರಡನೆಯ ವಾರ ಬಡಾವಣೆಯ ಅರ್ಜಿ, ಸಂಪರ್ಕ ರಸ್ತೆ ಇಲ್ಲ ಎಂಬ ಷರಾದೊಂದಿಗೆ ಚಿಕ್ಕಬಳ್ಳಾಪುರದ ಕಚೇರಿಯಿಂದ ಹಿಂತಿರುಗಿ ಬಂತು. ಅದೇ ತಿಂಗಳ ಕೊನೆಯಲ್ಲಿ ಆಂಜಿನಮ್ಮ ಇಪ್ಪತ್ನಾಲ್ಕು ಗುಂಟೆಗೂ ರಾಗಿ ಬಿತ್ತಿದಳು.