ಪರಮಶಿವಪ್ಪನವರ ಅಳತೆ

“ಅಯ್ಯೋ ಶಿವನೇ! ಮುಖ ವೈನ್ ಶಾಪಿನ ಕಡೆಗೆ ಬರೋ ಹಂಗೆ ತೋಡಿದೀರಲ್ರೋ!”

ಮಠದಯ್ಯನವರು ಗುಂಡಿಯ ಅಂಚಿನಲ್ಲಿ ನಿಂತು ಕೂಗಿದ ರಭಸಕ್ಕೆ ಭಜನೆಯವರ ತಾಳ ನಿಂತೇ ಹೋಯಿತು. ಹೆಣ ಹೊತ್ತವರು ಹೊತ್ತ ಹಾಗೇ ನಿಂತರು. ಬಿದಿರಿನ ವಿಮಾನದಲ್ಲಿ ಹಾರ ಹಾಕಿಸಿಕೊಂಡು, ಹಣೆ ತುಂಬ ವಿಭೂತಿ ಬಳಿಸಿಕೊಂಡು ಕೂತಿದ್ದ ಪರಮಶಿವಪ್ಪನವರಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

ಕೊರಳಲ್ಲಿ ಲಿಂಗ ಕಟ್ಟುವ ಆ ಜನರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತಾರೆ. ಗುಂಡಿಯ ಒಂದು ಗೋಡೆಯಲ್ಲಿ ಗೂಡು ಕೊರೆದು ಅದರೊಳಗೆ ಕೂರಿಸಬೇಕು. ಈ ಮನೆತನದಲ್ಲಿ ಮುಖ ಪೂರ್ವಕ್ಕೇ ಇರಬೇಕು, ಅಂದರೆ ಗೂಡು ಪಶ್ಚಿಮದ ಗೋಡೆಯಲ್ಲಿ ಬರಬೇಕು. ಗುಂಡಿ ತೋಡುವ ಕೊಟ್ರೇಶ ಮತ್ತು ಅವನ ಇಬ್ಬರು ಜೊತೆಗಾರರು ಅದನ್ನು ಪೂರ್ವದ ಗೋಡೆಯಲ್ಲಿ ಬಹಳ ಅಂದವಾಗಿ ಕೊರೆದಿಟ್ಟಿದ್ದರು. ಅಲ್ಲಿ ಕೂತವರಿಗೆ ನೇರ ಎದುರಿಗೆ ತೊಗರ್ಸಿ ರಸ್ತೆ, ರಸ್ತೆಯಾಚೆ ವೈನ್ ಶಾಪಿನ ಕೆಂಪು ಬೋರ್ಡು.

“ಕುಡುಕನಿಗೆ ತಕ್ಕ ದಿಕ್ಕೇ ಸಿಕ್ಕೈತೆ ಬಿಡ್ರಿ” ಎಂದರು ಸತ್ತವರ ಖಾಸಾ ಅಣ್ಣ ವೀರಬಸಪ್ಪ. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆ ನಗು ಕೇಳಿ ಶಕುಂತಲಮ್ಮನಿಗೆ ಹೊಟ್ಟೆ ಉರಿದುಹೋಯಿತು. ಗಂಡ ಹೋದದ್ದು ಹೋದರು, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಆದರೆ ನಾಳೆಯಿಂದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ‘ಸತ್ತ ಮೇಲೂ ಅಂಗಡಿ ನೋಡ್ಕೊಂಡೇ ಕೂತಾನೆ’ ಅಂತ ಹಲ್ಲು ಕಿರಿಯುತ್ತಾರಲ್ಲ, ಅದನ್ನು ಅವರು ಬದುಕಿರುವವರೆಗೂ ಕೇಳಬೇಕಿತ್ತು.

“ಸಿದ್ಧಲಿಂಗೇಶಾ, ಗುಂಡಿ ತೋಡೋರಿಗೆ ಎಣ್ಣೆ ಯಾವಾಗ ಕೊಟ್ಟೆ?”

ಮಕ್ಕಳಿಲ್ಲದ ಮನೆ, ಎಲ್ಲ ಓಡಾಟವೂ ಸೊರಬದಲ್ಲಿ ಅಡಿಕೆ ವ್ಯಾಪಾರ ಮಾಡುವ ನಾದಿನಿಯ ಮಗ ಸಿದ್ಧಲಿಂಗೇಶನದು. ಅವನು ತಲೆ ಕೆರೆದುಕೊಂಡ. “ಬೆಳಿಗ್ಗೆನೇ ಅತ್ತೆ. ಎಲ್ಲ ಕಡೆನೂ ಕೊಡ್ತಾರಲ್ಲ ಅಂತ...”

“ಕೆಲಸಕ್ಕೆ ಮುಂಚೆನಾ? ಎಷ್ಟು?”

“ಒಂದು ಬಾಟ್ಲಿ ನನ್ ಹತ್ರಾನೇ ಉಳೀತು. ಬಾಕಿ ಚೀಲನೇ ಕೊಟ್ಬಿಟ್ಟೆ ಅತ್ತೆ.”

ಗುಂಡಿಯೊಳಗಿಂದ ಕೊಟ್ರೇಶನ ತಲೆ ಮೇಲೆ ಬಂತು. “ಶಕುಂತಲಕ್ಕಾ, ನಾವು ದಿಕ್ಕು ಸರಿಯಾಗೇ ನೋಡಿದ್ವಿ. ಮಧ್ಯಾಹ್ನದ ಮೇಲೆ ಸೂರ್ಯನೇ ಆ ಕಡೆ ಹೋಗ್ಯಾನೆ!”

*

ಇದಕ್ಕೂ ಮುಂಚೆ ಊರಿನಲ್ಲಿ ಹೀಗಾಗಿದ್ದು ಮೂಕಮ್ಮ ಎಂಬ ಮುದುಕಿ ತೀರಿಕೊಂಡಾಗ. ಮೆರವಣಿಗೆ ಬಂದು ನೋಡಿದರೆ ಗೂಡಿನಲ್ಲಿ ಆಗಲೇ ಒಬ್ಬ ಕೂತಿದ್ದಾನೆ! ಗುಂಡಿ ತೋಡಿದವನೇ ಕುಡಿದು, ಒಳಗೆ ತಂಪಾಗಿದೆ ಅಂತ ಒರಗಿ ಗೊರಕೆ ಹೊಡೆಯುತ್ತಿದ್ದ. ಭಜನೆಯವರಲ್ಲಿ ಇಬ್ಬರು ಓಡಿಯೇ ಹೋದರು. ಪಂಪ್‌ಸೆಟ್ ಮೋಟರ್ ರಿಪೇರಿಯ ಕಸುಬಿನ ಪರಮಶಿವಪ್ಪನವರು ಇಳಿದು ಅವನನ್ನು ಹೆಗಲ ಮೇಲೆ ಎತ್ತಿ ತಂದರು. ಆವತ್ತಿನಿಂದ ಯಾರ ಮನೆಯ ಸಾವಾದರೂ ಎಣ್ಣೆಯ ಚೀಲ ಅವರ ಕೈಗೆ ಬರತೊಡಗಿತು. ಕೊಡಿ ಅಂತ ಅವರೇನೂ ಕೇಳಿರಲಿಲ್ಲ.

ಮೊದಲು ಊಟ, ಆಮೇಲೆ ಗುಂಡಿ, ಮಣ್ಣು ಮುಚ್ಚಿ ಸ್ನಾನವಾದ ಮೇಲೆ ಎಣ್ಣೆ. ಎಲ್ಲರಿಗೂ ಒಂದೇ ಅಳತೆ, ತಮಗೂ ಅಷ್ಟೇ. ಇನ್ನೊಂಚೂರು ಅಂತ ಯಾರಾದರೂ ಲೋಟ ಚಾಚಿದರೆ, “ಗುಂಡಿಗೆ ಅಳತೆ ಐತೆ, ಇದಕ್ಕೆ ಇಲ್ವೇನೋ?” ಅಂತ ಮುಚ್ಚಳ ತಿರುಗಿಸಿಬಿಡುತ್ತಿದ್ದರು.

ಮನೆಯಲ್ಲೂ ಅದೇ. ವಾರಕ್ಕೊಂದು ಸಂಜೆ ಊಟದ ಜೊತೆ ಒಂದು ಲೋಟ, ಅದೂ ರಸ್ತೆಗೆ ಕಾಣುವ ಜಗಲಿಯ ಮೇಲೆ. ಆ ಸಂಜೆ ಬೈಕಿನ ಕೀಲಿ ಹೆಂಡತಿಯ ಸೆರಗಿನ ಗಂಟಿಗೆ.

ಮದುವೆಯಾದ ಹೊಸತರಲ್ಲಿ ಶಕುಂತಲಮ್ಮ ಅತ್ತು ಕರೆದು ರಂಪ ಮಾಡಿದ್ದರು. “ನಿಮ್ಮ ದಮ್ಮಯ್ಯ, ಒಳಗಾದ್ರೂ ಕೂತು ಕುಡೀರಿ. ಜನ ನೋಡ್ತಾರೆ.”

“ನೋಡ್ಲಿ ಅಂತಾನೇ ಇಲ್ಲಿ ಕೂತಿರೋದು ಮಾರಾಯ್ತಿ. ನಾಕು ಜನ ನೋಡ್ತಿದ್ರೆ ಎರಡನೇದಕ್ಕೆ ಕೈ ಹೋಗಲ್ಲ.”

ಎದುರು ಮನೆಯ ವೀರಬಸಪ್ಪನವರಿಗೆ ಇದನ್ನು ಸಹಿಸಲಾಗಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಹಾದಿಬೀದಿಗೆ ಕಾಣುವ ಹಾಗೆ ಕುಡಿಯುವುದೆಂದರೇನು? ಮನೆತನದ ಮರ್ಯಾದೆ ಹೋಯಿತು ಅಂತ ಕೂಗಾಡಿ, ತಮ್ಮನ ಜಗಲಿ ಹತ್ತುವುದನ್ನೇ ಬಿಟ್ಟರು. ಊರೂ ಅವರ ಕಡೆಗೇ ಆಯಿತು. ಕದ್ದು ಕುಡಿದು ಚರಂಡಿಗೆ ಬೀಳುವವರಿಗೆಲ್ಲ ‘ಪಾಪ, ಕಾಲು ಜಾರಿತು’ ಅನ್ನುತ್ತಿದ್ದ ಊರು, ಎಂದೂ ತೊದಲದ ಈ ಮನುಷ್ಯನಿಗೆ ಕುಡುಕ ಅಂತ ಹೆಸರಿಟ್ಟಿತು. ಪರಮಶಿವಪ್ಪನವರು ನಕ್ಕುಬಿಡುತ್ತಿದ್ದರು. ಶಕುಂತಲಮ್ಮನಿಗೆ ಮಾತ್ರ ಅದು ಕೊನೆಯವರೆಗೂ ಚುಚ್ಚುತ್ತಲೇ ಇತ್ತು.

*

“ಹೊತ್ತು ಮುಳುಗೋದ್ರೊಳಗೆ ಆಗ್ಬೇಕ್ರಮ್ಮ” ಎಂದರು ಮಠದಯ್ಯ. “ಹಿಂಗೇ ಕೂರಿಸೋಣ ಅಂದ್ರೆ ನನ್ ಕೈಲಾಗಲ್ಲ.”

ಶಕುಂತಲಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. “ಕೊಟ್ರೇಶಾ, ಮೇಲೆ ಬಾ. ಗುದ್ದಲಿ ಇತ್ಲಾಗೆ ಕೊಡು.”

“ಒಂದೇ ಗಳಿಗೆ ಅಕ್ಕಾ, ಈ ಕಡೆನೂ ಒಂದು ಗೂಡು ಹೊಡ್ದುಬಿಡ್ತೀನಿ...”

“ಕುಡಿದೋರ ಕೈಗೆ ಅವರು ಯಾವತ್ತೂ ಗುದ್ದಲಿ ಕೊಟ್ಟಿಲ್ಲ. ಮೇಲೆ ಬಾ ಅಂದೆ!” ಆಮೇಲೆ ಗುಂಪಿನ ಕಡೆ ತಿರುಗಿದರು. “ಇವತ್ತು ಒಂದು ಹನಿನೂ ಮುಟ್ಟದೋರು ಯಾರ್ಯಾರಿದೀರೋ, ಇಳೀರಿ.”

ಎಲ್ಲ ಬಿಳಿ ಬಿಳಿ ಅಂಗಿಯವರು. ಒಬ್ಬರಿಗೆ ತಟ್ಟನೆ ಫೋನು ಬಂತು. ಇನ್ನೊಬ್ಬರು ತಾಳದ ದಾರ ಸರಿಮಾಡತೊಡಗಿದರು. ಇಳಿದರೆ ಕೆಮ್ಮಣ್ಣು, ಇಳಿಯದಿದ್ದರೆ ಕುಡಿದಿದ್ದೇನೆ ಅಂತ ಒಪ್ಪಿಕೊಳ್ಳಬೇಕು. ಒಳ್ಳೆ ಪೇಚಿಗೆ ಸಿಕ್ಕಿದರು.

“ನಾನು ಬೆಳಿಗ್ಗೆ ಒಂಚೂರು... ದುಃಖ ತಡೀಲಿಲ್ಲ” ಎಂದ ಒಬ್ಬ.

“ನನಗೂ ನಿನ್ನೆಯಿಂದ ಕೆಮ್ಮಿತ್ತು, ಔಷಧಿ ಅಂತ...” ಎಂದ ಇನ್ನೊಬ್ಬ.

ದುಃಖ, ಕೆಮ್ಮು, ಚಳಿ, ಸೊಂಟನೋವು ಅಂತ ಒಬ್ಬೊಬ್ಬರೇ ಹಿಂದೆ ಸರಿದರು. ಶಕುಂತಲಮ್ಮ ಗುದ್ದಲಿಯನ್ನು ವೀರಬಸಪ್ಪನವರ ಮುಂದೆ ಹಿಡಿದರು.

“ಭಾವನೋರೇ, ನೀವಂತೂ ಜನ್ಮದಾಗೇ ಮುಟ್ಟಿಲ್ಲ. ನಿಮ್ಮ ತಮ್ಮನ ಗೂಡಿಗೆ ಒಂದು ಏಟು ಹಾಕಿ ಶುರು ಮಾಡ್ರಿ.”

ವೀರಬಸಪ್ಪನವರ ಕೈ ಅರ್ಧ ಮುಂದೆ ಬಂದು ನಿಂತಿತು. ಅವರು ವಿಮಾನದಲ್ಲಿ ಕೂತಿದ್ದ ತಮ್ಮನ ಮುಖ ನೋಡಿದರು.

“ನನ್ ಕೈಲಾಗಲ್ಲ ಶಕುಂತಲಾ.”

“ಯಾಕೆ, ಮಂಡಿನೋವಾ?”

“ಮಂಡಿನೋವಲ್ಲ.” ದನಿ ಇಳಿಯಿತು. “ದಿನಾ ಸಂಜೆ ಕೊಟ್ಟಿಗೆ ಹಿಂದೆ... ವರ್ಷಗಟ್ಟಲೆ ಆತು. ಇವತ್ತು ಅವ್ನು ಹೋದ ಅಂದ್ಮೇಲೆ ಬೆಳಿಗ್ಗೆನೇ ಹಾಕಿದೀನಿ. ಎಷ್ಟು ಅಂತ ನಂಗೇ ಗೊತ್ತಿಲ್ಲ.”

ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನಿಂತಿತು. ಕೊಟ್ರೇಶನೊಬ್ಬನೇ, “ನೀವೂನಾ ಗೌಡ್ರೇ!” ಅಂತ ಬಹಳ ಆತ್ಮೀಯವಾಗಿ ಕೇಳಿದ.

ಶಕುಂತಲಮ್ಮನಿಗೆ ಬೈಯಬೇಕು ಅನ್ನಿಸಿತು. ಆದರೆ ಮುದುಕರು ತಮ್ಮನ ಮುಖವನ್ನೇ ನೋಡುತ್ತ ಗುಂಡಿಯ ಅಂಚಿಗೆ ವಾಲುತ್ತಿದ್ದರು. “ಹಂಗಾದ್ರೆ ಅತ್ಲಾಗೆ ಕೂತ್ಕೊಳ್ರಿ ಭಾವ. ಗುಂಡಿಗೆ ಬಿದ್ದೀರಿ” ಎಂದರಷ್ಟೆ.

“ನಾನು ಮುಟ್ಟಿಲ್ಲ ಅತ್ತೆ” ಎಂದು ಸಿದ್ಧಲಿಂಗೇಶ ಅಂಗಿ ಬಿಚ್ಚಿ ಇಳಿದ. ಅವನ ಹಿಂದೆ, ಕಾವಿ ಪಂಚೆ ಎತ್ತಿ ಕಟ್ಟಿಕೊಂಡು, ಗೊಣಗುತ್ತ ಮಠದಯ್ಯನವರೂ ಇಳಿದರು. ಅಡಿಕೆ ಆರಿಸಿ ಗೊತ್ತಿದ್ದ ಕೈಗೆ ಗುದ್ದಲಿ ಎಲ್ಲಿ ಕೇಳೀತು! ಕೊಟ್ರೇಶ ಮೇಲೆ ಮಣ್ಣುಗುಡ್ಡೆಯ ಮೇಲೆ ಕೂತು ಮೇಸ್ತ್ರಿಕೆ ಮಾಡಿದ. “ಎಡಕ್ಕೆ ತಗೀ. ನಿನ್ ಎಡ ಅಲ್ಲ, ನನ್ ಎಡ. ಅಯ್ನೋರೇ, ಮಂತ್ರ ಹೇಳ್ದಂಗೆ ಅಗೀಬ್ಯಾಡ್ರಿ, ಜೋರಾಗಿ ಹಾಕ್ರಿ!”

ಬಿಸಿಲು ಕೆಂಪಾಗುವ ಹೊತ್ತಿಗೆ ಗೂಡು ಸ್ವಲ್ಪ ಸೊಟ್ಟವಾಗಿಯೇ ಆಯಿತು. ಪರಮಶಿವಪ್ಪನವರನ್ನು ಇಳಿಸಿ, ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಪತ್ರೆ ಹಾಕುವಾಗ ವೀರಬಸಪ್ಪ, “ಪರಮೂ...” ಅಂತ ಮಗುವಿನ ಹಾಗೆ ಅತ್ತುಬಿಟ್ಟರು. ಶಕುಂತಲಮ್ಮ ಒಮ್ಮೆ ಗಂಡನ ಮುಖ ನೋಡಿದರು, ಒಮ್ಮೆ ರಸ್ತೆಯ ಕಡೆ ನೋಡಿದರು. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ಆಗ ಬಂತು.

*

ಎಲ್ಲರ ಸ್ನಾನವಾಗುವಷ್ಟರಲ್ಲಿ ಪಕ್ಕದ ಮನೆ ಗುಡ್ಡಮ್ಮ ಅನ್ನ ಸಾರು ತಂದಿಟ್ಟಿದ್ದರು. ಶಕುಂತಲಮ್ಮ ಸಿದ್ಧಲಿಂಗೇಶನ ಹತ್ತಿರ ಉಳಿದಿದ್ದ ಬಾಟಲಿಯನ್ನು ತಂದು ಜಗಲಿಯ ಮೇಲಿಟ್ಟರು. ಕೊಟ್ರೇಶ ನೆಲ ನೋಡಿದ.

“ನಮ್ದು ಬೆಳಿಗ್ಗೆನೇ ಮುಗೀತು ಅಕ್ಕಾ. ಇವತ್ತು ಬ್ಯಾಡ.”

ಸಿದ್ಧಲಿಂಗೇಶ ಬೊಬ್ಬೆ ಎದ್ದ ಅಂಗೈಗೆ ಉಫ್ ಉಫ್ ಅಂತ ಊದುತ್ತ ಕೂತಿದ್ದ. ಬಾಟಲಿಯನ್ನು ಕೇಳುವವರೇ ಇಲ್ಲ. ಆಗ ಎದುರು ಮನೆಯ ಬಾಗಿಲು ತೆರೆಯಿತು. ವೀರಬಸಪ್ಪ ತಲೆ ಮೇಲೆ ಟವೆಲ್ ಹೊದ್ದುಕೊಂಡು ರಸ್ತೆ ದಾಟಿ ಬಂದರು. ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು, ಹತ್ತಿ, ದೀಪದ ಕೆಳಗೇ ಕೂತರು.

“ಊಟ ಐತೇನಮ್ಮ?”

ಶಕುಂತಲಮ್ಮ ಬಡಿಸಿದರು. ಅವರು ಎರಡು ತುತ್ತು ಉಂಡು, ಪಕ್ಕದಲ್ಲಿದ್ದ ಲೋಟ ಮುಂದೆ ಸರಿಸಿದರು. ಬಾಟಲಿ ಹಿಡಿದು ಗೊತ್ತಿಲ್ಲದ ಶಕುಂತಲಮ್ಮ ಬಗ್ಗಿಸುತ್ತಲೇ ಹೋದರು. ವೀರಬಸಪ್ಪ ಅವಸರದಿಂದ ಲೋಟಕ್ಕೆ ಅಂಗೈ ಅಡ್ಡ ಹಿಡಿದರು.

“ಸಾಕು ಕಣಮ್ಮ, ಸಾಕು.”

ರಸ್ತೆಯಲ್ಲಿ ಹಾಲಿನ ಡೈರಿಗೆ ಹೊರಟವನೊಬ್ಬ ನಿಂತೇಬಿಟ್ಟ. “ಏನ್ ವೀರಬಸಪ್ಪಾರೇ, ಇಲ್ಲಿ?”

ಮುದುಕರು ತಲೆಯ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಎಣ್ಣೆ ಕುಡೀತಿದೀನಪ್ಪ. ಅಲ್ಲೇ ನಿಂತ್ಕೋ, ಮುಗಿಯೋ ತನಕ ನೋಡು” ಎಂದು ಲೋಟ ಎತ್ತಿದರು.