ಪಕ್ಕದ ಸ್ವರ

ಗಾಯನ ತಂಡದ ಟೀಚರಮ್ಮನ ಕಿವಿಯೆಂದರೆ ಮನೆಮಂದಿಗೆಲ್ಲ ತಮಾಷೆ. ಕುಕ್ಕರ್ ಕೂಗಿದರೆ ‘ಸಿ’, ಲಿಫ್ಟಿನ ಗಂಟೆ ಬಡಿದರೆ ‘ಇ’ ಎಂದು ಪಾಶ್ಚಾತ್ಯ ಸ್ವರದ ಹೆಸರು ಹೇಳಿಬಿಡುತ್ತಿದ್ದಳು. “ನಮ್ಮಣ್ಣನ ಗೊರಕೆಗೂ ನಾಮಕರಣ ಮಾಡಿದಾಳೆ” ಎಂದು ನಾದಿನಿ ನಗಾಡುತ್ತಿದ್ದಳು.

ಟೀಚರಮ್ಮ ಅರವತ್ತರ ಹೊಸ್ತಿಲಲ್ಲಿದ್ದಾಗ, ಒಂದು ಬೆಳಿಗ್ಗೆ, ಅಭ್ಯಾಸದ ಕೋಣೆಯಲ್ಲಿ ತಂಡಕ್ಕೆ ಪಿಯಾನೋ ನುಡಿಸುವ ನಾದಿನಿ ‘ಎ’ ಒತ್ತಿದಳು. ಟೀಚರಮ್ಮನಿಗೆ ಕೇಳಿಸಿದ್ದು ಅದರ ಬಲಪಕ್ಕದ ಕಪ್ಪು ಕೀಲಿಯ ಸ್ವರ.

“ಯಾರೇ ಇದನ್ನ ಶ್ರುತಿ ಮಾಡಿದ್ದು? ಎಲ್ಲಾ ಅರ್ಧ ಸ್ವರ ಏರಿ ಕೂತಿದೆ!”

ಶ್ರುತಿ ಮಾಡುವವನನ್ನು ಕರೆಸಿದರು. ಅವನು ಶ್ರುತಿ ಅಳೆಯುವ ಮೀಟರ್ ಇಟ್ಟು ಅದೇ ಕೀಲಿ ಒತ್ತಿದ. “ನಾನೂರ ನಲವತ್ತೇ ಇದೆಯಲ್ಲಮ್ಮ.”

ತಂತಿ ಸೆಕೆಂಡಿಗೆ ನಾನೂರ ನಲವತ್ತು ಸಲ ಕಂಪಿಸಿದರೆ ‘ಎ’. ಅದರ ಎರಡರಷ್ಟಾದರೆ ಮೇಲಿನ ‘ಎ’. ನಾನೂರ ಅರವತ್ತಾರಾದರೆ ಪಕ್ಕದ ಸ್ವರ. ಇದನ್ನು ಎಷ್ಟೋ ಮಕ್ಕಳಿಗೆ ಕಲಿಸಿದವಳೇ ಅವಳು. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸಿದಳು.

“ಮೀಟರೇ ಕೆಟ್ಟಿರಬೇಕು.”

ಅವನು ಚೀಲದಿಂದ ‘ಎ’ ಒಂದನ್ನೇ ನುಡಿಯುವ ಉಕ್ಕಿನ ಶ್ರುತಿಕವೆ ತೆಗೆದು ಮೊಣಕಾಲಿಗೆ ತಟ್ಟಿ ಅವಳ ಕಿವಿಯ ಬಳಿ ಹಿಡಿದ. ಅದೂ ಅರ್ಧ ಸ್ವರ ಮೇಲೆಯೇ ಕೇಳಿಸಿತು. ಮರುದಿನವೇ ಆಸ್ಪತ್ರೆಗೆ ಹೋದಳು.

ಕಿವಿಯ ಡಾಕ್ಟರು ಪರೀಕ್ಷೆಯೆಲ್ಲ ಮುಗಿಸಿ, “ನಿಮ್ಮ ಕಿವಿ ಚುರುಕಾಗೇ ಇದೆ. ಸ್ವರ ಗುರುತಿಸೋ ಶಕ್ತಿ ಇರೋರಿಗೆ ವಯಸ್ಸಾದ ಮೇಲೆ ಸ್ವರ ಹೀಗೆ ಏರಿ ಕೇಳಿಸೋದುಂಟು. ಯಾಕೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲ” ಎಂದರು.

“ಔಷಧಿ?”

“ಇಲ್ಲ.”

“ಇಲ್ಲಿಗೆ ನಿಲ್ಲುತ್ತಾ?”

“ಹೇಳೋಕಾಗಲ್ಲಮ್ಮ. ಇನ್ನೂ ಏರಬಹುದು.”

ಮುಂದಿನ ಅಭ್ಯಾಸದಲ್ಲಿ ಕೈಯಲ್ಲಿದ್ದ ಸ್ವರದ ಹಾಳೆ ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು. ಎರಡರ ನಡುವೆ ಸಿಕ್ಕಿ ಟೀಚರಮ್ಮ ತಟ್ಟನೆ ಕೈಯೆತ್ತಿ ಹಾಡು ನಿಲ್ಲಿಸಿದಳು. ಹಾಡುತ್ತಿದ್ದ ಹೆಂಗಸರು ಮುಖಮುಖ ನೋಡಿಕೊಂಡರು.

“ಅತ್ತಿಗೆ,” ನಾದಿನಿ ಮೆಲ್ಲಗೆ ಹೇಳಿದಳು, “ಅವರು ಸರಿಯಾಗೇ ಹಾಡಿದ್ರು.”

“ಗೊತ್ತು ಕಣೇ. ಗೊತ್ತಿದ್ದೂ ಕೈ ತಾನಾಗೇ ಎದ್ದುಬಿಡ್ತು.” ಹಾಳೆಗಳನ್ನು ಪಿಯಾನೋ ಮೇಲಿಟ್ಟಳು. “ಇನ್ನು ನೀನೇ ನಡೆಸು.”

“ನಾನಾ? ನನಗೆಲ್ಲಿ ಬರುತ್ತೆ?”

“ನನಗೆ ಬರಲ್ಲವಲ್ಲೇ.”

ಹಿಂದಿನ ಸಾಲಿಗೆ ಹೋಗಿ ಕುಳಿತಳು. ಹಾಡು ಮತ್ತೆ ಶುರುವಾಯಿತು. ಬೇಡವೆಂದರೂ ಪ್ರತಿ ಸ್ವರದ ಹೆಸರೂ ತಲೆಯೊಳಗೆ ಬಂದು ಬಡಿಯುತ್ತಿತ್ತು, ಒಂದಾದರೂ ಸರಿಯಿರಲಿಲ್ಲ. ಕಿವಿ ಮುಚ್ಚಿಕೊಂಡರೆ ಹಾಡುವವರು ನೊಂದುಕೊಂಡಾರೆಂದು, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೇ ಇದ್ದಳು.