ಪರೀಕ್ಷೆಗೆ ಇಟ್ಟ ವರ

ಟ್ರೆವರ್‌ನ ಕೆಲಸವೇ ಅಂಥದ್ದು. ಅವನು ಮಾಡಿಕೊಟ್ಟ ವೆಬ್‌ಸೈಟು ಸರಿಯಾಗಿ ನಡೆಯುತ್ತಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಕೆಟ್ಟು ನಿಂತರೆ ಮಾತ್ರ ಎಲ್ಲರಿಗೂ ಅವನ ನೆನಪು. ಕಾಪುವಿನ ಬಾಡಿಗೆ ಮನೆಯಲ್ಲಿ ಕೂತು ಹೋಟೆಲಿನವರಿಗೆ, ಟೈಲ್ಸ್ ಅಂಗಡಿಯವರಿಗೆ ಸೈಟು ಮಾಡುತ್ತ ಮಾಡುತ್ತ ನಲವತ್ತು ದಾಟಿದ್ದ. ಯಾವುದೂ ಕೆಡದ ವಾರಗಳಲ್ಲಿ ಅವನು ಬಾಯಿ ಬಿಡುತ್ತಿದ್ದದ್ದು ಮೀನಿನವಳ ಹತ್ತಿರ ಮಾತ್ರ.

ಕಾರ್ಕಳದ ಎಸ್ತರ್ ಆಂಟಿ ಮದುವೆ ಸಂಬಂಧ ಕೂಡಿಸುವವರು. ಅವರಿಗೊಂದು ಸೈಟು ಬೇಕಾಯಿತು. ಕಟ್ಟುವಾಗ ಪರೀಕ್ಷೆಗೆ ಒಬ್ಬ ಸುಳ್ಳು ವರ ಬೇಕಲ್ಲ? ಟ್ರೆವರ್ ಅವನಿಗೆ ಜೋನ್ ಎಂದು ಹೆಸರಿಟ್ಟ. ಉಳಿದದ್ದನ್ನು ಕಲ್ಪಿಸಲು ಸೋಮಾರಿತನವೋ ಏನೋ, ತನ್ನದನ್ನೇ ತುಂಬಿದ. 'ನನ್ನ ಬಗ್ಗೆ' ಎಂಬಲ್ಲಿ ಬರೆದ: 'ಬಂಗುಡೆ ಸಾರು ಚೆನ್ನಾಗಿ ಮಾಡುತ್ತೇನೆ. ಎಷ್ಟು ಕಡಿಮೆ ಮಾಡಿದರೂ ಒಬ್ಬನಿಗೆ ಹೆಚ್ಚಾಗುತ್ತದೆ.'

ಸೈಟು ಇನ್ನೂ ತೆರೆದಿರಲಿಲ್ಲ. ಆದರೆ ಆಂಟಿ ಪರಿಚಯದ ನಾಲ್ಕಾರು ಮನೆಗಳಿಗೆ, ನೋಡಿ ಹೇಳಿ ಎಂದು ಲಿಂಕ್ ಕಳಿಸಿದ್ದರು. ಒಂದು ಸಂಜೆ ಜೋನನಿಗೆ ಸಂದೇಶ ಬಂತು. ಹೂಡೆಯ ಲವಿಟಾ, ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ. 'ಮರುದಿನದ ಸಾರಿಗೇ ರುಚಿ ಹೆಚ್ಚು ಅಲ್ವಾ? ನಾನೂ ಒಬ್ಬಳೇ. ನಮ್ಮಲ್ಲಿಯೂ ಉಳಿಯುತ್ತದೆ.'

ಟ್ರೆವರ್ ಅದನ್ನು ಎರಡೆರಡು ಸಲ ಓದಿದ. ಎಷ್ಟೋ ವರ್ಷಗಳ ಮೇಲೆ ಯಾರೋ ಅವನನ್ನು ಅವನಾಗಿಯೇ ಮಾತಾಡಿಸಿದ್ದರು. ಉತ್ತರ ಬರೆದ, ಅಳಿಸಿದ. ಗಿರಾಕಿಯ ಸೈಟಿನಲ್ಲಿ ಸುಳ್ಳು ಹೆಸರಿಟ್ಟುಕೊಂಡು ತಾನೇ ವರನಾಗಿ ಕೂತರೆ ಜನ ಏನೆಂದಾರು? ನಿಜ ಹೇಳಿದರೆ ಅವಳು ಮೋಸಗಾರ ಎಂದುಕೊಂಡರೆ? ಬೇರೆ ಯಾರೇ ಆಗಿದ್ದರೂ 'ಹೆಸರು ಮಾತ್ರ ಸುಳ್ಳು, ಸಾರು ನಿಜ' ಎಂದು ಒಂದು ಸಾಲು ಕಳಿಸಿಬಿಡುತ್ತಿದ್ದರು. ಇವನಿಗೇನು ಧಾಡಿ! ಸಂದೇಶದ ಪೆಟ್ಟಿಗೆ ಮೊಬೈಲಿನಲ್ಲಿ ಒಂದಿಷ್ಟು ಎಡಕ್ಕೆ ಸರಿದಂತೆ ಕಂಡಿತು, ಅದನ್ನು ಸರಿಪಡಿಸುತ್ತ ಕೂತ. ಮರುದಿನ ಅಕ್ಷರ ದೊಡ್ಡದು ಮಾಡಿದ. ಹೀಗೇ ವಾರ ಕಳೆಯಿತು. ಪೆಟ್ಟಿಗೆ ಚಂದವಾಯಿತು, ಉತ್ತರ ಹೋಗಲಿಲ್ಲ.

ಆಮೇಲೆ ಆಂಟಿಯ ಫೋನ್ ಬಂತು.

"ಟ್ರೆವರ್, ಆ ಜೋನ್ ಅಂತ ಉಂಟಲ್ಲ, ನೀನು ಟ್ರಯಲ್‌ಗೆ ಹಾಕಿದ್ದಲ್ವಾ? ಲವಿಟಾ ಕೇಳ್ತಿದ್ದಳು, ವಾರ ಆಯ್ತು, ಉತ್ತರವೇ ಇಲ್ಲ ಅಂತ. ಅಂಥ ಜನವೇ ಇಲ್ಲ ಅಂತ ಹೇಳಿದೆ. ಪಾಪ, ಅವಳಿಗೆ ನಾಚಿಕೆ ಆಯ್ತು ಮಾರಾಯ. ಇವತ್ತೇ ತೆಗೆದುಬಿಡು."

"ಆಂಟಿ..." ಎಂದ ಟ್ರೆವರ್. "ಅದು ನಾನೇ."

ಅತ್ತ ಕಡೆಯಿಂದ ಎಂಥ ನಗು! "ನೀನಾ? ನಿನಗೆ ಕಂಪ್ಯೂಟರೇ ಹೆಂಡತಿ ಅಲ್ವಾ! ಒಳ್ಳೆ ತಮಾಷೆ ಮಾಡ್ತೀಯ."

ತಮಾಷೆಯಲ್ಲ ಆಂಟಿ ಎಂದು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅವನೂ ನಕ್ಕ.

ಫೋನ್ ಇಟ್ಟು ಜೋನನನ್ನು ಅಳಿಸಿದ. ವರನನ್ನು ತೆಗೆದರೆ ಅವನಿಗೆ ಬಂದ ಸಂದೇಶಗಳೂ ತಾವಾಗಿ ಹೋಗುವ ಹಾಗೆ ಅವನೇ ಮಾಡಿಟ್ಟಿದ್ದ. ಅವಳ ಮಾತೂ ಹೋಯಿತು. ಎಲ್ಲಾದರೂ ಒಂದು ಕಡೆ ಬರೆದಿಟ್ಟುಕೊಳ್ಳಲೂ ಇಲ್ಲ, ಪುಣ್ಯಾತ್ಮ.